ಎರಡು ಆಂಟೆನಾ, ಒಂದೇ ಕಂಬ

ಮಾವನವರು ದೋಣಿಯ ಆಂಟೆನಾ ಮುರಿದುಕೊಂಡು ಬಂದ ಸುದ್ದಿ ಸೊಸೆಗೆ ತಲುಪಿದಾಗ ಅವಳು ಅಂಗಡಿಯಲ್ಲಿ ಯಾರದೋ ಕನ್ನಡಕದ ಗಾಜನ್ನು ಚೌಕಟ್ಟಿಗೆ ಕೂರಿಸುತ್ತಿದ್ದಳು. ಫೋನ್ ಮಾಡಿದವರು ಅತ್ತೆ. "ಗಾಬರಿ ಪಡೋ ಅಂಥದ್ದೇನಿಲ್ಲ," ಎಂದೇ ಮಾತು ಶುರುಮಾಡಿದರು. ಅತ್ತೆ ಹಾಗೆ ಶುರುಮಾಡಿದರೆಂದರೆ ಅವರಿಗೆ ಆಗಲೇ ಗಾಬರಿಯಾಗಿದೆ ಎಂದು ಸೊಸೆಗೆ ಗೊತ್ತಿತ್ತು.

"ಯಾರಿಗೂ ಏನೂ ಆಗಿಲ್ಲಮ್ಮ. ದೋಣಿ ಮೇಲೆ ಎರಡು ಇತ್ತಲ್ಲ, ಮಾತಾಡೋದಕ್ಕೆ ಒಂದು, ದಾರಿ ತೋರಿಸೋದಕ್ಕೆ ಒಂದು, ಎರಡೂ ಮುರಿದುಹೋಗಿವೆ."

"ಹೇಗೆ ಮುರೀತು ಅತ್ತೆ?"

"ಡೀಸೆಲ್ ಹಾಕಿಸೋ ಜಾಗದಲ್ಲಿ ಲೈಟಿನ ಕಂಬ ಅಡ್ಡ ಬಂತಂತೆ."

ಸೊಸೆ ಕೈಯಲ್ಲಿದ್ದ ಪುಟ್ಟ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟಳು. ಅದು ಜೆಟ್ಟಿ ಕಟ್ಟಿದಾಗಿನಿಂದ ಅಲ್ಲೇ ನಿಂತಿರುವ ಕಂಬ. ಅದರ ಪಕ್ಕದಲ್ಲೇ ಮಾವ ನೂರಾರು ಸಲ ದೋಣಿ ನಿಲ್ಲಿಸಿದ್ದಾರೆ.

"ಅವರ ಎಡಗಡೆ ಇತ್ತಾ ಕಂಬ?"

"ಎಡಗಡೆಯೋ ಬಲಗಡೆಯೋ, ಅದನ್ನ ಕಟ್ಟಿಕೊಂಡು ನಿನಗೇನಾಗಬೇಕು? ಮುರಿದಿದ್ದು ಮುರೀತು," ಎಂದರು ಅತ್ತೆ. ಸ್ವಲ್ಪ ತಡೆದು, "ಎಡಗಡೆಯೇ ಅನ್ಸತ್ತೆ. ಎಡಗಡೆಯಿಂದ ಕಂಬ ನುಗ್ಗಿಬಂತು ಅಂತ ಬೈತಾ ಇದ್ರು," ಎಂದು ಸೇರಿಸಿದರು.

ಅಂದು ಮಧ್ಯಾಹ್ನವೆಲ್ಲ ಸೊಸೆಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಕೆಲವು ತಿಂಗಳಿಂದ ಅವಳು ಮಾವನನ್ನು ಕದ್ದು ನೋಡುತ್ತಿದ್ದಳು. ಅಡುಗೆಮನೆಗೆ ಬರುವಾಗ ಅವರ ಎಡಭುಜ ಬಾಗಿಲಿನ ಚೌಕಟ್ಟಿಗೆ ತಗಲುತ್ತಿತ್ತು. ಊಟಕ್ಕೆ ಕೂತರೆ ಎಡಗಡೆಯ ನೀರಿನ ಲೋಟ ಉರುಳುತ್ತಿತ್ತು. ಪಕ್ಕದಲ್ಲಿ ಕೂತವರು ಮಾತಾಡಿಸಿದರೆ ಇಡೀ ತಲೆಯನ್ನೇ ತಿರುಗಿಸಿ ನೋಡುತ್ತಿದ್ದರು. ಅವಳು ಕಣ್ಣಿನ ಡಾಕ್ಟರಲ್ಲ, ಕನ್ನಡಕ ಮಾಡಿಕೊಡುವವಳು. ಆದರೂ ಹೀಗೆ ತಲೆ ತಿರುಗಿಸುವವರನ್ನು ಅಂಗಡಿಯಲ್ಲಿ ಸಾಕಷ್ಟು ಕಂಡಿದ್ದಳು. ನೇರ ನೋಟ ಚೆನ್ನಾಗಿಯೇ ಇದ್ದು, ಅಂಚಿನಿಂದ ಒಳಗೊಳಗೇ ಕತ್ತಲೆ ಸರಿದುಬರುವ ಕಾಯಿಲೆ ಅದು. ನೋಡುವವನಿಗೆ ಅದು ಕತ್ತಲೆಯೆಂದೇ ಅನ್ನಿಸುವುದಿಲ್ಲ. ಅಲ್ಲಿ ಏನೂ ಇರಲಿಲ್ಲ ಎಂದೇ ಅವನು ಆಣೆ ಮಾಡುತ್ತಾನೆ.

ಒಂದೆರಡು ಸಲ ಬಾಯಿಬಿಟ್ಟು ಹೇಳಿದ್ದಳು ಕೂಡ. "ಒಂದು ಸಲ ಅಂಗಡಿ ಕಡೆ ಬನ್ನಿ ಮಾವ, ಸುಮ್ಮನೆ ಪರೀಕ್ಷೆ ಮಾಡಿಸೋಣ."

"ಏನಕ್ಕಮ್ಮ? ಬಂದರಿನ ಆ ತುದೀಲಿ ನಿಂತಿರೋ ದೋಣಿ ಹೆಸರು ಇಲ್ಲಿಂದಲೇ ಓದಲಾ?" ಎಂದು ಓದಿಯೂ ತೋರಿಸಿದ್ದರು. ಒಂದಕ್ಷರವೂ ತಪ್ಪಿರಲಿಲ್ಲ.

ಗಂಡನಿಗೆ ಹೇಳಿದರೆ, ಅವನು ರೈಲ್ವೆ ಸಿಗ್ನಲ್ ರಿಪೇರಿಗೆಂದು ವಾರಗಟ್ಟಲೆ ಊರು ಬಿಟ್ಟಿರುವವನು, "ನೀನೇ ಹೇಳು. ನನ್ನ ಮಾತು ಅಪ್ಪ ಕಿವಿಗೇ ಹಾಕ್ಕೊಳಲ್ಲ," ಎಂದು ಜಾರಿಕೊಂಡಿದ್ದ. ಅವಳಿಗೂ ಒತ್ತಿ ಹೇಳಲು ಧೈರ್ಯ ಬಂದಿರಲಿಲ್ಲ. ಮಾವ ಜೀವಮಾನವಿಡೀ ಲಿಫ್ಟ್ ರಿಪೇರಿ ಮಾಡಿದವರು. ಕಟ್ಟಡಗಳ ಹೊಟ್ಟೆಯೊಳಗಿನ ಕತ್ತಲ ಬಾವಿಗಳಲ್ಲಿ ಹಗ್ಗ ಹಿಡಿದು ಇಳಿದೂ ಹತ್ತಿಯೂ ಸಾಕಾಗಿ, ನಿವೃತ್ತಿಯಾದ ಮೇಲೆ ಹಳೆಯದೊಂದು ಮೋಟಾರು ದೋಣಿ ಕೊಂಡು ಬಯಲು ನೀರಿಗೆ ಬಿದ್ದವರು. "ನಿಮಗೆ ಕಣ್ಣು ಕಾಣಿಸ್ತಿಲ್ಲ" ಎನ್ನುವುದೂ "ದೋಣಿ ಬಿಡಿ" ಎನ್ನುವುದೂ ಒಂದೇ. ಆ ಮಾತನ್ನು ಹೇಳುವ ಬಾಯಿ ತನ್ನದಾಗುವುದು ಅವಳಿಗೆ ಬೇಡವಾಗಿತ್ತು.

ಭಾನುವಾರ ಅವಳೇ ಜೆಟ್ಟಿಗೆ ಹೋದಳು. ಕೇಬಲ್ ಎಳೆಯಲು ಇನ್ನೊಂದು ಜೊತೆ ಕೈ ಬೇಕು ಎಂದು ಮಾವ ಅತ್ತೆಯ ಮುಂದೆ ಗೊಣಗಿದ್ದೇ ನೆಪವಾಯಿತು.

ದೋಣಿಯ ಹಿಂಭಾಗದಲ್ಲಿ, ಪುಟ್ಟ ಕೋಣೆಯ ಚಾವಣಿಯ ಮೇಲೆ, ಅಲ್ಯುಮಿನಿಯಂ ಕಂಬವೊಂದು ಸೊಂಟ ಮುರಿದುಕೊಂಡು ನಿಂತಿತ್ತು. ರೇಡಿಯೋದ ಉದ್ದನೆಯ ಬಿಳಿ ಆಂಟೆನಾ ನಡುವೆ ಸೀಳಿ ಒಳಗಿನ ನಾರು ಹೊರಗೆ ಬಂದಿತ್ತು. ಜಿಪಿಎಸ್ ಆಂಟೆನಾ ಅಣಬೆಯಂತಿರುವ ಒಂದು ಗುಂಡನೆಯ ಡಬ್ಬಿ. ಅದರ ಟೋಪಿ ಒಡೆದು ಒಳಗೆ ನೀರು ನಿಂತು, ತಾಮ್ರವೆಲ್ಲ ಹಸಿರುಗಟ್ಟಿತ್ತು.

"ನೋಡು, ಎಂಥಾ ಏಟು ಹೊಡೆದಿದೆ ಆ ದರಿದ್ರ ಕಂಬ," ಎಂದರು ಮಾವ.

"ಕಂಬ ಹೊಡೀತಾ ಮಾವ?"

"ಮತ್ತೆ? ನಾನೇನು ಹೋಗಿ ತಬ್ಬಿಕೊಂಡ್ನಾ?"

ಕೆಲಸ ಹಿಡಿದ ಮೇಲೆ ಮಾತ್ರ ಅವರ ಮುಖ ತಿಳಿಯಾಯಿತು. ಹಳೆಯ ಕೇಬಲ್ಲಿನ ತುದಿಗೆ ಗಟ್ಟಿ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ಹೊಸ ಕೇಬಲ್ ಕಟ್ಟಿದರು. ಸೊಸೆ ಕೋಣೆಯೊಳಗೆ ಮಂಡಿಯೂರಿ ಹಳೆಯದನ್ನು ಎಳೆದಳು. ಮೇಲಿನಿಂದ ಅವರು ಹೊಸದನ್ನು ಬಿಡುತ್ತಾ ಹೋದರು. "ಮೆಲ್ಲಗೆ, ಮೆಲ್ಲಗೆ, ಮೂಲೇಲಿ ಸಿಕ್ಕಿಹಾಕ್ಕೊಳತ್ತೆ... ಹಾಂ, ಈಗ ಎಳಿ." ಕೇಬಲ್ಲಿನ ತುದಿಗೆ ಕನೆಕ್ಟರ್ ಬೆಸೆಯುವಾಗ ಅವಳು ಬಂದು ಅವರ ಪಕ್ಕದಲ್ಲೇ ನಿಂತಳು. ಬೆಸುಗೆಯ ಕಾದ ಕಡ್ಡಿ ಅವರ ಎಡಬದಿಯಲ್ಲಿತ್ತು. ಅವರು ಅದನ್ನು ಹುಡುಕುತ್ತಾ ಕೈಯಾಡಿಸಿದಾಗ ಅವಳು ತಟ್ಟನೆ ಹಿಡಿಯನ್ನು ಅವರ ಅಂಗೈಗೆ ಕೊಟ್ಟಳು. ಮುಂದಿನ ಸಲ ಅವರು ತಾವೇ ಅದನ್ನು ಬಲಗಡೆ ಇಟ್ಟುಕೊಂಡರು.

ಕಂಬದ ಮುರಿದ ಭಾಗ ಕತ್ತರಿಸಿದ ಮೇಲೆ ಉಳಿದದ್ದು ಮೋಟು ಕೋಲು. ಅದರ ಮೇಲೇ ಎರಡೂ ಹೊಸ ಆಂಟೆನಾಗಳನ್ನು ಅಂಟಿಕೊಂಡಂತೆ ಕೂರಿಸಿದರು. ಡಬ್ಬಿಯೊಳಗಿದ್ದ ಕಾಗದವನ್ನು ಸೊಸೆ ಓದಿದಳು.

"ಇವೆರಡರ ಮಧ್ಯೆ ಒಂದು ಮೀಟರ್ ಜಾಗ ಇರಬೇಕು ಅಂತ ಬರೆದಿದೆ ಮಾವ."

"ಕಾಗದ ಬರೆಯೋವ್ರು ದೊಡ್ಡ ಹಡಗು ನೋಡಿ ಬರೀತಾರೆ. ಇಷ್ಟು ಪುಟ್ಟ ದೋಣೀಲಿ ಒಂದು ಮೀಟರ್ ಎಲ್ಲಿಂದ ತರಲಿ? ಮುಂದಿನ ವಾರ ಉದ್ದ ಕಂಬ ತಂದು ಹಾಕಿದ್ರಾಯ್ತು. ಬಾ, ಕೊಲ್ಲಿ ಬಾಯಿ ತನಕ ಹೋಗಿ ಪರೀಕ್ಷೆ ಮಾಡ್ಕೊಂಡು ಬರೋಣ."

ಅವಳು ಆಕಾಶ ನೋಡಿದಳು. ದೂರದಲ್ಲಿ ನೀರಿಗೂ ಆಕಾಶಕ್ಕೂ ನಡುವೆ ಹಾಲಿನ ಕೆನೆಯಂಥ ಒಂದು ಗೆರೆ ಕಂಡಿತು. "ಅದು ಮಂಜಲ್ವಾ ಮಾವ?"

"ಅದು ಅಲ್ಲಿರತ್ತೆ, ನಾವು ಇಲ್ಲಿರ್ತೀವಿ."

ಅವರೊಬ್ಬರನ್ನೇ ಕಳಿಸಲು ಅವಳಿಗೆ ಮನಸ್ಸಾಗಲಿಲ್ಲ. ಜಾಕೆಟ್ ತೊಟ್ಟುಕೊಂಡು ಹತ್ತಿದಳು. ಹೊರಡುವಾಗ ಜಿಪಿಎಸ್ ಪರದೆಯ ಮೇಲೆ ದೋಣಿಯ ಗುರುತು, ಒಂದು ಪುಟ್ಟ ಕಪ್ಪು ತ್ರಿಕೋನ, ಜೆಟ್ಟಿಯ ಪಕ್ಕದಲ್ಲಿ ಸ್ಪಷ್ಟವಾಗಿ ಕೂತಿತ್ತು. "ನೋಡಿದ್ಯಾ, ಹೇಗೆ ಹಿಡೀತು!" ಎಂದು ಮಾವ ಚಪ್ಪಾಳೆ ಹೊಡೆದರು.

ಕೊಲ್ಲಿಯ ಬಾಯಿಯ ಹತ್ತಿರ ಬಂದಾಗ ಗಾಳಿ ನಿಂತಿತು. ಗಾಳಿ ನಿಂತದ್ದೇ ತಡ, ಮಂಜು ಎದ್ದು ನಡೆದುಬಂದ ಹಾಗೆ ಬಂದುಬಿಟ್ಟಿತು. ಮೊದಲು ದಡದ ಮನೆಗಳು ಮಸುಕಾದವು, ಆಮೇಲೆ ದಡವೇ ಹೋಯಿತು, ಕೊನೆಗೆ ದೋಣಿಯ ಮೂತಿಯೇ ಕಾಣದಾಯಿತು. ಮಾವ ಎಂಜಿನ್ನಿನ ವೇಗ ತಗ್ಗಿಸಿದರು. ಅವರ ದನಿಯೂ ತಗ್ಗಿತು.

"ಏನೂ ಚಿಂತೆ ಇಲ್ಲ. ಪರದೆ ಇದೆಯಲ್ಲ. ಬಂದ ದಾರೀಲೇ ವಾಪಸ್ ಹೋಗೋಣ."

ಆಗ ಎಲ್ಲಿಂದಲೋ ದೀರ್ಘವಾದ ಹಾರ್ನ್ ಕೇಳಿಸಿತು. ಎದೆಗೂಡು ನಡುಗಿಸುವಂಥ ಸದ್ದು. ಫೆರಿ! ಕೊಲ್ಲಿಯ ಆಚೆ ದಡಕ್ಕೆ ಲಾರಿ, ಬಸ್ಸುಗಳನ್ನು ಹೊತ್ತೊಯ್ಯುವ ದೊಡ್ಡ ಹಡಗು. ಅದರ ದಾರಿಯನ್ನು ಅಡ್ಡ ಹಾಯದೆ ಇವರು ಮನೆಗೆ ಮರಳುವಂತಿರಲಿಲ್ಲ. ಪಕ್ಕದಲ್ಲೋ ಕಲ್ಲುಬಂಡೆಗಳು. ದಾರಿ ಬಿಟ್ಟು ಸರಿಯುತ್ತೇವೆಂದರೂ ಎಲ್ಲಿಗೆ ಸರಿಯುವುದೆಂದು ತಿಳಿದಿರಬೇಕಿತ್ತು.

ಮಾವ ರೇಡಿಯೋದ ಮೈಕ್ ಎತ್ತಿಕೊಂಡು ಗುಂಡಿ ಒತ್ತಿದರು. ಬಂದರಿನ ಕಚೇರಿಯನ್ನು ಕರೆದರು.

"ಕೇಳಿಸ್ತಿದೆ, ಹೇಳಿ. ಎಲ್ಲಿದ್ದೀರಿ?" ಎಂದಿತು ಒಬ್ಬ ಹೆಂಗಸಿನ ಶಾಂತ ದನಿ.

ಮಾವ ಪರದೆ ನೋಡಿದರು. ಸೊಸೆಯೂ ನೋಡಿದಳು. ತ್ರಿಕೋನ ಇರಲಿಲ್ಲ. ನಕ್ಷೆ ಇತ್ತು, ನೀರು ಇತ್ತು, ಬಂಡೆಗಳ ಗುರುತು ಇತ್ತು. ದೋಣಿ ಮಾತ್ರ ಮಾಯ.

"ಅಯ್ಯೋ, ಇದೇನಾಯ್ತು?" ಮಾವ ಪರದೆಯನ್ನು ಬೆರಳಿನಿಂದ ತಟ್ಟಿದರು. ಗುಂಡಿ ಬಿಟ್ಟರು. ಸ್ವಲ್ಪ ಹೊತ್ತಿಗೆ ತ್ರಿಕೋನ ಮತ್ತೆ ಬಂದು ಕೂತಿತು. ಉಸಿರು ಬಿಟ್ಟು ಜಾಗ ಹೇಳಲು ಮತ್ತೆ ಗುಂಡಿ ಒತ್ತಿದರು. ಮತ್ತೆ ಮಾಯ.

ಸೊಸೆಗೆ ಡಬ್ಬಿಯೊಳಗಿನ ಕಾಗದದ ಸಾಲು ಕಣ್ಮುಂದೆ ಬಂತು. "ಮಾವ, ಎರಡೂ ಪಕ್ಕಪಕ್ಕದಲ್ಲೇ ಇವೆಯಲ್ಲ, ಅದಕ್ಕೇ. ನಾವು ಮಾತಾಡಿದಾಗೆಲ್ಲ ರೇಡಿಯೋ ಅದರ ಕಿವಿ ಹತ್ರಾನೇ ಕಿರಿಚಿದ ಹಾಗೆ ಆಗ್ತಿದೆ. ಅದಕ್ಕೆ ಬೇರೇನೂ ಕೇಳಿಸ್ತಿಲ್ಲ."

ಮಾತಾಡಿದರೆ ತಾವೆಲ್ಲಿದ್ದೇವೆಂದು ತಿಳಿಯುವುದಿಲ್ಲ. ತಿಳಿದುಕೊಳ್ಳಬೇಕೆಂದರೆ ಬಾಯಿ ಮುಚ್ಚಿಕೊಂಡಿರಬೇಕು. ಹಾರ್ನ್ ಮತ್ತೊಮ್ಮೆ ಕೂಗಿತು. ಈ ಸಲ ಇನ್ನೂ ಹತ್ತಿರದಿಂದ. ಯಾವ ದಿಕ್ಕಿನಿಂದ ಎಂಬುದೇ ತಿಳಿಯಲಿಲ್ಲ; ಮಂಜಿನಲ್ಲಿ ಸದ್ದು ಎಲ್ಲ ಕಡೆಯಿಂದಲೂ ಬಂದಂತಿತ್ತು.

"ಹಲೋ, ದೋಣಿಯವರೇ, ನಿಮ್ಮ ಜಾಗ ಹೇಳಿ. ಫೆರಿ ಕೊಲ್ಲಿಯೊಳಗೆ ಬರ್ತಾ ಇದೆ," ಎಂದಿತು ರೇಡಿಯೋ. ಆ ದನಿಯ ಶಾಂತಿ ಈಗ ಸ್ವಲ್ಪ ಬಿಗಿದಿತ್ತು.

"ನೀವು ಓಡಿಸಿ ಮಾವ. ನಾನು ಪರದೇಲಿ ಅಂಕಿ ಓದಿ ನೆನಪಿಟ್ಟುಕೊಳ್ತೀನಿ, ಆಮೇಲೆ ಹೇಳ್ತೀನಿ," ಎಂದಳು ಸೊಸೆ. ಅಂಕಿ ಗಟ್ಟಿಯಾಗಿ ಓದಿ, ಮೈಕ್ ಹಿಡಿಯಲು ತಿರುಗಿದಾಗ ಅವಳ ಕಣ್ಣಿಗೆ ಅದು ಬಿತ್ತು. ಎಡಗಡೆ ಮಂಜಿನೊಳಗಿಂದ ಕೆಂಪಗೆ ಎದ್ದು ಬರುತ್ತಿತ್ತು, ದಾರಿಯ ಗುರುತಿಗೆ ನೀರಿನಲ್ಲಿ ತೇಲಬಿಟ್ಟಿದ್ದ ಕಬ್ಬಿಣದ ಬೋಯಾ. ಆಳೆತ್ತರ, ತುಕ್ಕು ಹಿಡಿದದ್ದು. ದೋಣಿ ನೇರ ಅದರ ಮೈಮೇಲೇ ಹೋಗುತ್ತಿತ್ತು. ಮಾವ ಚುಕ್ಕಾಣಿ ಹಿಡಿದು ಮುಂದಕ್ಕೆ ನೋಡುತ್ತಾ, ನಿರಾಳವಾಗಿ, ಇನ್ನಷ್ಟು ಎಡಕ್ಕೇ ತಿರುಗಿಸುತ್ತಿದ್ದರು.

"ಮಾವಾ! ಎಡಗಡೆ! ಬಲಕ್ಕೆ ತಿರುಗಿಸಿ, ಬಲಕ್ಕೆ!"

"ಏನಿದೆ ಎಡಗಡೆ? ಏನೂ ಇಲ್ಲ..."

ಅವಳು ಅವರ ಕೈ ಮೇಲೆ ಕೈಯಿಟ್ಟು ಚುಕ್ಕಾಣಿಯನ್ನು ಜಗ್ಗಿದಳು. ದೋಣಿ ವಾಲಿತು. ಕೋಣೆಯೊಳಗಿನ ಸಾಮಾನುಗಳೆಲ್ಲ ಒಂದು ಬದಿಗೆ ಉರುಳಿ ಬಿದ್ದವು. ಬೋಯಾ ದೋಣಿಯ ಮೈಗೆ ತನ್ನ ತುಕ್ಕನ್ನು ಉಜ್ಜುತ್ತಾ, ಗರಗರ ಸದ್ದು ಮಾಡುತ್ತಾ ಪಕ್ಕದಲ್ಲಿ ಹಾದುಹೋಯಿತು. ಆಗ ಮಾವ ಇಡೀ ತಲೆ ತಿರುಗಿಸಿದರು. ತಿರುಗಿಸಿದಾಗಲೇ ಅವರಿಗದು ಕಂಡದ್ದು. ಕೈ ಚಾಚಿದರೆ ಮುಟ್ಟಬಹುದಾದಷ್ಟು ಹತ್ತಿರದಲ್ಲಿ, ಅವರಷ್ಟೇ ಎತ್ತರದ ಕೆಂಪು ಕಬ್ಬಿಣ.

ಅವರು ಅದನ್ನೇ ನೋಡುತ್ತಾ ನಿಂತರು. ಬಳಿಕ ನಿಧಾನವಾಗಿ ತಲೆಯನ್ನು ಮುಂದಕ್ಕೆ ತಿರುಗಿಸಿ, ಮತ್ತೆ ಎಡಕ್ಕೆ ತಿರುಗಿಸಿ ನೋಡಿದರು. ಇದೆ. ಮುಂದಕ್ಕೆ ತಿರುಗಿಸಿದರು. ಇಲ್ಲ. ತಮ್ಮ ಕಣ್ಣನ್ನು ತಾವೇ ಹಿಡಿದು ವಿಚಾರಿಸಿಕೊಳ್ಳುವವರ ಹಾಗೆ.

"ನೀನು ಹಿಡಿ," ಎಂದರು. ಚುಕ್ಕಾಣಿ ಬಿಟ್ಟು ಪಕ್ಕಕ್ಕೆ ಸರಿದರು.

"ನನಗೆ ಓಡಿಸೋಕೆ ಬರಲ್ಲ ಮಾವ!"

"ಬರತ್ತೆ. ನಾನು ಹೇಳ್ತೀನಿ, ನೀನು ತಿರುಗಿಸು. ನಿನಗೆ ಎರಡೂ ಕಡೆ ಕಾಣಿಸತ್ತೆ."

ಅವಳು ಚುಕ್ಕಾಣಿ ಹಿಡಿದಳು. ಮಾವ ರೇಡಿಯೋ ಮುಂದೆ ಬಾಗಿ, ಗುಂಡಿಗಳನ್ನು ಒಂದೊಂದಾಗಿ ತಡವುತ್ತಾ ಏನನ್ನೋ ಹುಡುಕುತ್ತಿದ್ದರು. "ಇತ್ತಲ್ಲಾ... ಇಲ್ಲೇ ಎಲ್ಲೋ ಇತ್ತು... ಹಾಂ!" ಒಂದು ಗುಂಡಿ ಒತ್ತಿದರು. "ಇದರ ಶಕ್ತಿ ತಗ್ಗಿಸಿದ್ದೀನಿ. ಕಿರಿಚೋದು ಬೇಡ, ಪಿಸುಗುಟ್ಟಲಿ. ಬಂದರು ಹತ್ರಾನೇ ಇದೆ, ಅಷ್ಟಕ್ಕೇ ಕೇಳಿಸಬೇಕು. ನೀನು ಪರದೆ ನೋಡ್ತಾ ಇರು, ಹೋಗತ್ತೋ ಇರತ್ತೋ ಹೇಳು."

ಮೈಕ್ ಹಿಡಿದು ಮಾತಾಡಿದರು. ಸೊಸೆ ತ್ರಿಕೋನವನ್ನೇ ದುರುಗುಟ್ಟಿ ನೋಡಿದಳು. ಅದು ಒಮ್ಮೆ ನಡುಗಿತು. ಹೋಗಲಿಲ್ಲ.

"ಇದೆ ಮಾವ! ಇದೆ!"

ಬಂದರಿನ ಹೆಂಗಸಿನ ದನಿ ಬಂತು. "ನಿಮ್ಮ ಮಾತು ತುಂಬಾ ಸಣ್ಣಗೆ ಕೇಳಿಸ್ತಿದೆ, ಆದ್ರೂ ಕೇಳಿಸ್ತಿದೆ. ಜಾಗ ಹೇಳಿ." ಸೊಸೆ ಅಂಕಿ ಓದಿದಳು, ಮಾವ ಅದನ್ನು ಒಂದೊಂದೇ ಬಿಡಿಸಿ ಹೇಳಿದರು. "ತಡೀರಿ, ಫೆರಿಗೆ ಹೇಳ್ತೀನಿ," ಎಂದಿತು ಆ ದನಿ. ಆಮೇಲೆ ಮತ್ತೆ ಹೇಳಿತು: "ನೀವು ಫೆರಿ ದಾರಿಯ ಅಂಚಿನಲ್ಲೇ ಇದ್ದೀರಿ. ಫೆರಿಗೆ ಹೇಳಿದ್ದೀನಿ, ವೇಗ ತಗ್ಗಿಸಿದ್ದಾರೆ. ನೀವು ಅಡ್ಡ ಹಾಯಬೇಡಿ. ನಿಮ್ಮ ಬಲಕ್ಕೆ ಸರಿದು ನಿಲ್ಲಿ. ಬಂಡೆ ಇರೋದು ಫೆರಿ ದಾರಿಯ ಆಚೆ ಬದಿಗೆ, ಹೆದರ್ಬೇಡಿ."

"ಮೆಲ್ಲಗೆ ಬಲಕ್ಕೆ," ಎಂದರು ಮಾವ. "ಇನ್ನೂ ಸ್ವಲ್ಪ. ಹಾಂ. ಅಷ್ಟೇ, ನೇರ ಮಾಡು. ಗಾಬರೀಲಿ ಚುಕ್ಕಾಣಿ ಮುರಿದುಬಿಟ್ಟೀಯ, ಸಡಿಲ ಬಿಡು ಕೈ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎರಡನ್ನೂ ನುಂಗಿಕೊಂಡಳು.

ಫೆರಿ ಕಾಣಲೇ ಇಲ್ಲ. ಮೊದಲು ಎಂಜಿನ್ನಿನ ಗುಡುಗು ಕಾಲಡಿಯ ಹಲಗೆಗೆ ಬಂತು. ಆಮೇಲೆ ಎಡಗಡೆ ಮಂಜು ಸ್ವಲ್ಪ ಕಪ್ಪಗಾಯಿತು, ಎತ್ತರದ ಗೋಡೆಯ ನೆರಳು ಬಿದ್ದ ಹಾಗೆ. ಎಲ್ಲೋ ಮೇಲುಗಡೆ ಮಗುವೊಂದು ಅಳುವ ಸದ್ದು ಕೇಳಿಸಿತು. ನೆರಳು ದಾಟಿತು. ಅದರ ಹಿಂದೆ ಅಲೆಗಳು ಬಂದು ದೋಣಿಯನ್ನು ಎತ್ತಿ ಎತ್ತಿ ಇಳಿಸಿದವು. ಮಾವ ಒಂದು ಕೈಯಲ್ಲಿ ಮೈಕನ್ನೂ ಇನ್ನೊಂದರಲ್ಲಿ ಸೊಸೆಯ ಜಾಕೆಟ್ಟಿನ ಬೆನ್ನನ್ನೂ ಬಿಗಿಹಿಡಿದು ನಿಂತಿದ್ದರು.

ಜೆಟ್ಟಿಗೆ ಮರಳಲು ಬಹಳ ಹೊತ್ತು ಹಿಡಿಯಿತು. ಮಾವ ಕೂತು ದಿಕ್ಸೂಚಿ ನೋಡಿ ಹೇಳುತ್ತಾ ಹೋದರು, ಸೊಸೆ ಹಾಗೇ ತಿರುಗಿಸಿದಳು. ಹಗ್ಗ ಕಟ್ಟಿದ ಮೇಲೆ ಇಬ್ಬರೂ ತಕ್ಷಣ ಇಳಿಯಲಿಲ್ಲ.

"ನಿನಗೆ ಗೊತ್ತಿತ್ತು ಅಲ್ವಾ?" ಎಂದು ಕೇಳಿದರು ಮಾವ.

"ಅನುಮಾನ ಇತ್ತು ಮಾವ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ದೆ. ನೀವು ದೋಣಿ ಹೆಸರು ಓದಿ ತೋರಿಸಿದ್ರಿ."

ಮಾವ ನಗಲು ಹೋದರು. ಅದು ಅರ್ಧಕ್ಕೇ ನಿಂತಿತು. "ಪೂರ್ತಿ ಹೋಗಿಬಿಡತ್ತಾ?"

"ಡಾಕ್ಟರ್ ನೋಡದೆ ನಾನು ಏನೂ ಹೇಳಲ್ಲ. ಹೋಗಿದ್ದು ವಾಪಸ್ ಬರಲ್ಲ ಅಂತಾರೆ. ಇರೋದನ್ನ ಉಳಿಸ್ಕೋಬಹುದು."

ಅವರು ಅಂಗೈಯನ್ನು ಎಡಕಿವಿಯ ಪಕ್ಕ ಹಿಡಿದು ಮೆಲ್ಲಗೆ ಮುಂದಕ್ಕೆ ತಂದರು. ಅದು ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ನೋಡಿದರು. ಬಹಳ ಮುಂದೆ ಬಂದ ಮೇಲೆ ಕೈ ನಿಂತಿತು. ಸೊಸೆ ಮುಖ ಆಚೆ ತಿರುಗಿಸಿದಳು.

ಆ ವಾರವೇ ಕಣ್ಣಾಸ್ಪತ್ರೆಗೆ ಹೋದರು. ಕತ್ತಲ ಕೋಣೆಯಲ್ಲಿ ಬಟ್ಟಲಿನಂಥ ಯಂತ್ರಕ್ಕೆ ಗಲ್ಲ ಕೊಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಬಾಗಿಲ ಹೊರಗೆ ಕೂತ ಸೊಸೆಗೆ ಗುಂಡಿಯ ಟಕ್ ಟಕ್ ಕೇಳಿಸುತ್ತಿತ್ತು. ಸದ್ದು ನಿಂತಾಗಲೆಲ್ಲ ಅವಳು ಬಾಗಿಲ ಕಡೆ ತಿರುಗುತ್ತಿದ್ದಳು. ಪಕ್ಕದಲ್ಲಿ ಅತ್ತೆ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಗ್ಗ ಮಾಡಿದ್ದರು. ಡಾಕ್ಟರು ಮಾತನ್ನು ಸುತ್ತಿಬಳಸಲಿಲ್ಲ. ಎಡಭಾಗದ ನೋಟ ಸಾಕಷ್ಟು ಹೋಗಿದೆ, ಬಲಭಾಗದ್ದೂ ಸ್ವಲ್ಪ ತಿಂದಿದೆ. ದಿನಾ ತಪ್ಪದೆ ಹನಿ ಹಾಕಿಕೊಂಡರೆ ಇಲ್ಲಿಗೇ ನಿಲ್ಲಿಸಬಹುದು. ಕಾರು, ದೋಣಿ ಎರಡೂ ಓಡಿಸುವಂತಿಲ್ಲ.

ಮಾವ ಮನೆಗೆ ಬಂದು ಎರಡು ದಿನ ದೋಣಿಯ ಕಡೆಗೇ ಹೋಗಲಿಲ್ಲ. ಮೂರನೆಯ ದಿನ ಉದ್ದನೆಯ ಹೊಸ ಕಂಬ ಹೊತ್ತುಕೊಂಡು ಜೆಟ್ಟಿಗೆ ಹೊರಟರು. ಅತ್ತೆ ಫೋನ್ ಮಾಡಿ ಸೊಸೆಯನ್ನು ಅಂಗಡಿಯಿಂದ ಓಡಿಸಿದರು. ಅವಳು ಏದುಸಿರು ಬಿಡುತ್ತಾ ಬಂದಾಗ ಮಾವ ಚಾವಣಿಯ ಮೇಲೆ ಕೂತು ಜಿಪಿಎಸ್ ಆಂಟೆನಾದ ತಿರುಪು ಬಿಚ್ಚುತ್ತಿದ್ದರು.

"ಓಡಿಸೋಕೆ ಬಂದಿಲ್ಲಮ್ಮ, ಹಾಗೆಲ್ಲ ನೋಡ್ಬೇಡ," ಎಂದರು. "ಇದನ್ನ ಮುಂದುಗಡೆ ಹಾಕ್ತೀನಿ, ರೇಡಿಯೋದ್ದು ಹಿಂದೆ ಈ ಉದ್ದ ಕಂಬದ ಮೇಲೆ. ಮಧ್ಯೆ ಒಂದಲ್ಲ, ಎರಡು ಮೀಟರ್ ಬಿಟ್ಟಿದ್ದೀನಿ. ನೀನು ಓಡಿಸೋದಾದ್ರೆ ಯಾವುದೂ ಅರೆಬರೆ ಇರಬಾರದು."

"ನಾನಾ?"

"ಮತ್ತೆ ಯಾರು? ನಿನ್ನ ಗಂಡ ಸ್ನಾನದ ಮನೇಲೇ ಜಾರಿ ಬೀಳ್ತಾನೆ."

ದೋಣಿ ಕಲಿಸುವ ತರಗತಿಗೆ ಅವಳು ಸೇರಿದಳು. ಬೇಡವೆಂದು ಬಾಯಿಗೆ ಬಂದಿತ್ತು, ಹೇಳಲಾಗಲಿಲ್ಲ. ಮಂಜಿನ ಹೆದರಿಕೆ ಅವಳನ್ನು ಬಿಡಲಿಲ್ಲ. ಮನೆಯಲ್ಲಿ ಮಲಗಿದರೂ ಕೆಂಪು ಕಬ್ಬಿಣ ಮಂಜಿನಿಂದ ಎದ್ದು ಬರುತ್ತಿತ್ತು. ಪರೀಕ್ಷೆ ಮುಗಿಸಿ ಮೊದಲ ಸಲ ತಾನಾಗಿ ಹೊರಟ ದಿನ ಆಕಾಶ ತಿಳಿಯಾಗಿ ಹೊಳೆಯುತ್ತಿತ್ತು. ಆದರೂ ಅವಳು ಕೊಲ್ಲಿಯ ಬಾಯಿಯ ಕಡೆಗೆ ಮತ್ತೆ ಮತ್ತೆ ನೋಡಿದಳು.

ಮಾವ ರೇಡಿಯೋ ಪಕ್ಕದ ಸೀಟಿನಲ್ಲಿ ಕೂತಿದ್ದರು. ಪೂರ್ತಿ ಶಕ್ತಿಯಲ್ಲಿಟ್ಟು ಬಂದರನ್ನು ಕರೆದರು. ತ್ರಿಕೋನ ಕದಲಲಿಲ್ಲ. ಅದೇ ಹೆಂಗಸಿನ ದನಿ, "ಸ್ಪಷ್ಟವಾಗಿ ಕೇಳಿಸ್ತಿದೆ. ಇವತ್ತು ಜೋರಾಗಿದ್ದೀರಿ," ಎಂದಿತು.

ಹಗ್ಗ ಬಿಚ್ಚಬೇಕೆನ್ನುವಾಗ ಜೆಟ್ಟಿಯ ಹಲಗೆಗಳ ಮೇಲೆ ದಡಬಡ ಹೆಜ್ಜೆ ಸದ್ದಾಯಿತು. ಅತ್ತೆ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಸ್ವೆಟರು.

"ತಡೀರಿ, ನಾನೂ ಬರ್ತೀನಿ."

"ನೀನಾ?" ಮಾವ ತಲೆಯನ್ನು ಪೂರ್ತಿ ತಿರುಗಿಸಿ ನೋಡಿದರು. "ನೀರು ಕಂಡರೆ ತಲೆ ತಿರುಗೋಳು ನೀನು."

"ತಿರುಗಲಿ. ಅವತ್ತು ಮಂಜಿನಲ್ಲಿ ನೀವಿಬ್ಬರೂ ಒಳಗಿದ್ರಿ, ನಾನು ಕಿಟಕಿ ಹಿಡ್ಕೊಂಡು ನಿಂತಿದ್ದೆ. ಇನ್ನೊಂದು ಸಲ ಹಾಗೆ ನಿಲ್ಲೋದು ನನ್ನ ಕೈಲಾಗಲ್ಲ." ಸೊಸೆಯ ಕೈ ಹಿಡಿದು ಅತ್ತೆ ಅಂಜುತ್ತಾ ದೋಣಿಗೆ ಇಳಿದರು, ಇಳಿದವರೇ ಮೊದಲು ಕಂಡ ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು. "ನಿಧಾನವಾಗಿ ಓಡಿಸಮ್ಮ. ಯಾರೂ ಕಾಯ್ತಾ ಇಲ್ಲ ಅಲ್ಲಿ."

"ಎಡಗಡೆ ಏನಿದೆ ನೋಡಿ ಹೇಳು ನೀನು," ಎಂದರು ಮಾವ ಅತ್ತೆಗೆ.

"ಎಡಗಡೆ ಒಂದು ಬಿಳಿ ಹಕ್ಕಿ ಇದೆ. ಆಚೆ ಆ ನೀಲಿ ದೋಣಿ. ಮತ್ತೇನೂ ಇಲ್ಲ."

ಸೊಸೆ ತಾನೂ ಎಡಕ್ಕೆ ನೋಡಿಕೊಂಡಳು. ಬಲಕ್ಕೂ ನೋಡಿ, ಹಗ್ಗ ಎಳೆದುಕೊಂಡು ಎಂಜಿನ್ನನ್ನು ನಿಧಾನವಾಗಿ ಮುಂದಕ್ಕೆ ಬಿಟ್ಟಳು.